ಜೋಡಿ ಸಿಗುವವರೆಗೆ: ಕಾಲೇಜಿನಲ್ಲಿ ಕುಸ್ತಿ ತಂಡ ಕಟ್ಟಿದ 29 ವರ್ಷ

"ಸರ್ರ, ಮ್ಯಾಟಿನ ತುಂಡು 72 ಅಂತ ಬರದೈತಿ. ಇಲ್ಲಿ ಎಣಿಸಿದ್ರ 31 ಅದಾವ. ಉಳಿದ 41 ಎಲ್ಲಿ ಹೋದ್ವು?"

ಕಾಲೇಜಿನ ಕಚೇರಿಯಲ್ಲಿ ಈ ಪ್ರಶ್ನೆ ಬಂದಾಗ ನನ್ನ ನಿವೃತ್ತಿಗೆ ಹದಿನೈದು ದಿನ ಉಳಿದಿತ್ತು. ಗುಮಾಸ್ತರದ್ದು ತಪ್ಪಲ್ಲ. ಅವರ ಕೈಯಲ್ಲಿ ಸ್ಟಾಕ್ ರಿಜಿಸ್ಟರ್ ಇತ್ತು, ಅದರಲ್ಲಿ ಬರೆದದ್ದನ್ನು ಅವರು ಓದಿದರು. ಲೆಕ್ಕ ಸರಿಹೋಗದೆ ಬೇಬಾಕಿ ಪತ್ರ ಕೊಡುವಂತಿಲ್ಲ. ಬೇಬಾಕಿ ಇಲ್ಲದೆ ಪಿಂಚಣಿ ಕಡತ ಮುಂದೆ ಹೋಗುವುದಿಲ್ಲ. ಆ 41 ತುಂಡುಗಳಿಗೆ ಉತ್ತರ ಕೊಡಲು ನನಗೆ ಮೂರು ವಾರ ಹಿಡಿಯಿತು. 2025ರ ಮೇ 31ಕ್ಕೆ ಕೆಲಸ ಮುಗಿದರೂ ಕಾಗದ ಕೈಗೆ ಬಂದಿದ್ದು ಜೂನ್ ಮೊದಲ ವಾರ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ, ಘಟಪ್ರಭಾ ದಂಡೆಯ ಒಂದು ಊರಿನ ಅನುದಾನಿತ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದೆ. ಮಕ್ಕಳ ಬಾಯಲ್ಲಿ 'ಪಿ.ಡಿ. ಸರ್'. ಕಾಲೇಜಿನಲ್ಲಿ ಕುಸ್ತಿ ತಂಡ ಕಟ್ಟುವುದೇ ನನ್ನ ಬದುಕಿನ ಹೆಚ್ಚಿನ ಭಾಗವಾಯಿತು. ಈಚೆಗೆ ಬೇರೆ ತಾಲೂಕಿನ ಇಬ್ಬರು ಹೊಸ ಪಿ.ಡಿ.ಗಳು ಫೋನ್ ಮಾಡಿ "ಟೀಮ್ ಹೆಂಗ್ ಶುರು ಮಾಡೋದ್ರಿ ಸರ್" ಎಂದು ಕೇಳಿದರು. ನಾನು ಕಲಿಯಲು ಹತ್ತು ವರ್ಷ ತೆಗೆದುಕೊಂಡದ್ದನ್ನು ಅವರು ಹತ್ತು ತಿಂಗಳಲ್ಲಿ ಕಲಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸೀಮೆಗೆ ಕುಸ್ತಿ ಹೊಸದಲ್ಲ. ಜಾತ್ರೆಯಲ್ಲಿ ತೇರು ಎಳೆದ ಮೇಲೆ ಕುಸ್ತಿ ಇರಲೇಬೇಕು. ಗೋಡೆಗೋಡೆಗೂ ಜಂಗಿ ನಿಕಾಲಿ ಕುಸ್ತಿಯ, ಅಂದರೆ ಸೋಲು ಗೆಲುವು ತೀರ್ಮಾನವಾಗುವವರೆಗೆ ಹಿಡಿಯುವ ದೊಡ್ಡ ಕುಸ್ತಿಯ ಪೋಸ್ಟರ್. ಗೆದ್ದವನಿಗೆ ಬೆಳ್ಳಿ ಕಡಗ. ಆಸೆ ಇದ್ದ ಹುಡುಗರು ಕೊಲ್ಹಾಪುರದ ತಾಲೀಮುಗಳಿಗೆ, ಅಂದರೆ ಗರಡಿಮನೆಗಳಿಗೆ ಹೋಗಿ ವರ್ಷಗಟ್ಟಲೆ ಇರುತ್ತಿದ್ದರು. ನನ್ನ ತಂದೆಯೂ ಗರಡಿಯ ಮಣ್ಣಿನಲ್ಲೇ ಬೆಳೆದವರು. ಆದರೆ 1996ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಾಲೇಜಿನಲ್ಲಿ ವಾಲಿಬಾಲ್ ಇತ್ತು, ಕಬಡ್ಡಿ ಇತ್ತು, ಕುಸ್ತಿ ಇರಲಿಲ್ಲ. ಪಿಯುಸಿ ಮುಗಿಸಿದ ಪೈಲ್ವಾನ ಒಂದೋ ಕುಸ್ತಿ ಬಿಡಬೇಕಿತ್ತು, ಇಲ್ಲ ಓದು ಬಿಡಬೇಕಿತ್ತು. ಇದು ನನಗೆ ತುಂಬಾ ನೋವಿನ ವಿಷಯವಾಗಿತ್ತು.

ಮರು ವರ್ಷ ಇಬ್ಬರು ಹುಡುಗರನ್ನು ಕರೆದುಕೊಂಡು ಧಾರವಾಡಕ್ಕೆ ಹೋದೆ. ಆಗ ನಮ್ಮದು ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿ. ಅಂತರ ಕಾಲೇಜು ಕುಸ್ತಿ. ಒಬ್ಬ ಹುಡುಗ ಕಣಕ್ಕೆ ಇಳಿಯಲೇ ಇಲ್ಲ. ಅವನ ಅರ್ಹತಾ ಅರ್ಜಿಯಲ್ಲಿ ಫೋಟೋ ಇತ್ತು, ಆದರೆ ಫೋಟೋ ಮೇಲೆ ಪ್ರಾಂಶುಪಾಲರ ಸಹಿ ಮತ್ತು ಸೀಲು ಇರಲಿಲ್ಲ. ಅದು ಬೇಕು ಅಂತ ನನಗೆ ಗೊತ್ತಿರಲಿಲ್ಲ. ಹಬ್ಬಕ್ಕೆ ಊರಿಗೂ ಹೋಗದೆ ಎರಡು ತಿಂಗಳು ತಯಾರಾಗಿದ್ದ ಹುಡುಗ ಮೆಟ್ಟಿಲ ಮೇಲೆ ಕೂತು ಬೇರೆಯವರ ಕುಸ್ತಿ ನೋಡಿದ.

ಇನ್ನೊಬ್ಬ ಕಣಕ್ಕಿಳಿದ. ಜಾತ್ರೆ ಕಣದಲ್ಲಿ ಹೆಸರು ಮಾಡಿದ್ದವನು. ಮಣ್ಣಿನ ಕುಸ್ತಿಯಲ್ಲಿ ಚಿತ್ ಆದರೆ, ಅಂದರೆ ಬೆನ್ನು ನೆಲಕ್ಕೆ ತಾಗಿದರೆ ಮಾತ್ರ ಸೋಲು. ಅಲ್ಲಿಯವರೆಗೆ ಬೋರಲು ಬಿದ್ದು, ಎದೆ ನೆಲಕ್ಕೆ ಒತ್ತಿ, ಎಷ್ಟು ಹೊತ್ತಾದರೂ ತಡೆದುಕೊಳ್ಳಬಹುದು. ಎದುರಾಳಿ ದಣಿದ ಮೇಲೆ ಏಳಬಹುದು. ಇವನು ಮ್ಯಾಟ್ ಮೇಲೂ ಹಾಗೇ ಮಾಡಿದ. ಎದುರಾಳಿ ಸೊಂಟ ಹಿಡಿದು ಉರುಳಿಸಿದ. ಮ್ಯಾಟ್ ಮೇಲೆ ಬೆನ್ನು ನೆಲದ ಕಡೆ ವಾಲಿದರೇ ಪಾಯಿಂಟ್ ಹೋಗುತ್ತದೆ, ಬೆನ್ನು ತಾಗಲೇಬೇಕು ಅಂತಿಲ್ಲ. ನೋಡನೋಡುತ್ತಿದ್ದಂತೆ ಅಂತರ ಬೆಳೆದು ಕುಸ್ತಿ ಮುಗಿದೇ ಹೋಯಿತು. ಹುಡುಗ ಎದ್ದು ನಿಂತು ನನ್ನನ್ನೇ ನೋಡಿದ. "ಸರ್ರ, ನಾ ಚಿತ್ ಆಗಿಲ್ಲಲ್ರಿ?" ಎಂದ. ಬಸ್ಸಿನಲ್ಲಿ ವಾಪಸ್ ಬರುವಾಗ ಮೂವರೂ ಮಾತಾಡಲಿಲ್ಲ.

ಆ ದಿನದಿಂದ ಎರಡು ಕೆಲಸ ಶುರು ಮಾಡಿದೆ. ಒಂದು, ಕಾಗದ. ಇನ್ನೊಂದು, ಮ್ಯಾಟ್.

ಕಾಗದದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಮಗುವಿಗೂ ಒಂದು ಪ್ಲಾಸ್ಟಿಕ್ ಫೈಲ್ ಮಾಡಿ. ಅದರಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಈ ವರ್ಷದ ಪ್ರವೇಶ ಶುಲ್ಕದ ರಸೀದಿ, ಗುರುತಿನ ಚೀಟಿ, ಆಧಾರ್, ವೈದ್ಯಕೀಯ ಪ್ರಮಾಣಪತ್ರ, ಎಂಟು ಫೋಟೋ ಇರಲಿ. ಎಲ್ಲದರ ಮೂರು ಮೂರು ಝೆರಾಕ್ಸ್ ಜುಲೈನಲ್ಲೇ ಮಾಡಿಸಿ. ಅಂತರ ವಿಶ್ವವಿದ್ಯಾಲಯ ಕ್ರೀಡೆಗಳು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮದಂತೆ ನಡೆಯುತ್ತವೆ. ವಯಸ್ಸಿನ ಮಿತಿ ಇದೆ, ಪಿಯುಸಿ ಪಾಸಾಗಿ ಎಷ್ಟು ವರ್ಷವಾಯಿತು ಎನ್ನುವ ಲೆಕ್ಕವೂ ಇದೆ. ಆಯಾ ವರ್ಷದ ಸುತ್ತೋಲೆ ನೋಡಿಯೇ ಅರ್ಜಿ ತುಂಬಿ. ನಮ್ಮ ಕಡೆ ದೊಡ್ಡ ತೊಂದರೆ ಹೆಸರಿನದು. ಎಸ್ಸೆಸ್ಸೆಲ್ಸಿಯಲ್ಲಿ ಅಡ್ಡಹೆಸರು ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಕಾಲೇಜಿನ ದಾಖಲೆಯಲ್ಲಿ ಬರೀ ಇನಿಷಿಯಲ್. ಎಸ್ಸೆಸ್ಸೆಲ್ಸಿಯಲ್ಲಿ ಇದ್ದಂತೆ ಉಳಿದದ್ದನ್ನು ಸರಿ ಮಾಡಿಸಿ. ಇದಕ್ಕೆ ಒಂದೆರಡು ತಿಂಗಳು ಬೇಕಾಗುತ್ತದೆ, ಪಂದ್ಯದ ವಾರದಲ್ಲಿ ಆಗುವ ಕೆಲಸವಲ್ಲ.

ಮ್ಯಾಟ್ ಬರುವವರೆಗೆ ಮಣ್ಣಾದರೂ ಇರಲಿ ಎಂದು 1998ರಲ್ಲಿ ಆಡಳಿತ ಮಂಡಳಿ ಮುಂದೆ ಹೋದೆ. "ಓದಾಕ ಬಂದ ಹುಡುಗರಿಗೆ ಕುಸ್ತಿ ಯಾಕ್ರಿ?" ಎಂದು ಹಿರಿಯರೊಬ್ಬರು ಕೇಳಿದರು. ನಾನು ಖಾಶಾಬಾ ಜಾಧವರ ಕಥೆ ಹೇಳಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದವರು. ಅವರು ಓದಿದ್ದು ಕೊಲ್ಹಾಪುರದ ರಾಜಾರಾಂ ಕಾಲೇಜಿನಲ್ಲಿ. ಅವರನ್ನು ಕಳಿಸಲು ಹಣ ಸಾಲದಾದಾಗ ಆ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಕೊಲ್ಹಾಪುರ ನಮಗೆ ದೂರದ ಊರಲ್ಲ. ಅಲ್ಲಿದ್ದ ಎಲ್ಲರಿಗೂ ಅದರ ಬಗ್ಗೆ ಗೌರವ ಇತ್ತು. ಕಾಲೇಜಿನ ಹಿಂದೆ ಬೇವಿನ ಮರದ ಪಕ್ಕ ಜಾಗ ಕೊಟ್ಟರು.

ಆ ಮಣ್ಣಿನ ಕಣಕ್ಕೆ ಮೂರು ಟ್ರ್ಯಾಕ್ಟರ್ ಕೆಂಪು ಮಣ್ಣು ಹಿಡಿಯಿತು. ಹುಡುಗರೇ ಜರಡಿ ಹಿಡಿದರು. ಮಜ್ಜಿಗೆ, ಅರಿಶಿನ, ಎಣ್ಣೆ, ಬೇವಿನ ಪುಡಿ ಹಾಕಿ ಹದ ಮಾಡಿದೆವು. ಹೇಗೆ ಹದ ಮಾಡಬೇಕು ಅಂತ ನನ್ನ ತಂದೆಯೇ ಬಂದು ನಿಂತು ಹೇಳಿಕೊಟ್ಟರು. ಖರ್ಚು ಜಾಸ್ತಿ ಆಗಲಿಲ್ಲ, ಆದರೆ ಮಳೆಗಾಲದಲ್ಲಿ ಅಭ್ಯಾಸ ನಿಂತೇ ಹೋಗುತ್ತಿತ್ತು.

ಮ್ಯಾಟ್‌ಗೆ ಏಳು ವರ್ಷ ಕಾಯಬೇಕಾಯಿತು. ಎರಡು ಸಲ ಪ್ರಸ್ತಾವನೆ ವಾಪಸ್ ಬಂತು. ಕೊನೆಗೆ ಹತ್ತನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅನುದಾನದಿಂದ ಕ್ರೀಡಾ ಸಾಮಗ್ರಿಗೆ ಹಣ ಸಿಕ್ಕಿತು. ಕಾಲೇಜಿಗೆ ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಕಲಂಗಳ ಮಾನ್ಯತೆ, ಅಂದರೆ ಅನುದಾನ ಪಡೆಯುವ ಅರ್ಹತೆ ಇದ್ದದ್ದರಿಂದ ಅದು ಆಯಿತು. ನಿಮ್ಮ ಕಾಲೇಜಿಗೆ ಇದು ಇದೆಯಾ ಎಂದು ಮೊದಲು ಕಚೇರಿಯಲ್ಲಿ ಕೇಳಿ. ಆಮೇಲೆ ಮೂರು ಕೊಟೇಶನ್, ತುಲನಾ ಪಟ್ಟಿ, ಖರೀದಿ ಸಮಿತಿಯ ನಡಾವಳಿ, ಬಿಲ್ಲು, ಲೆಕ್ಕಪರಿಶೋಧಕರಿಂದ ಹಣ ಬಳಕೆ ಪ್ರಮಾಣಪತ್ರ. ನಮ್ಮ ಮ್ಯಾಟ್‌ಗೆ ಆಗ ಎರಡೂವರೆ ಲಕ್ಷದ ಹತ್ತಿರ ಆಯಿತು. ಈಗ ಅದಕ್ಕಿಂತ ತುಂಬಾ ಜಾಸ್ತಿ.

2004ರ ಡಿಸೆಂಬರ್‌ನಲ್ಲಿ ಲಾರಿ ಬಂತು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ 72 ತುಂಡು. ಎಲ್ಲ ಜೋಡಿಸಿದರೆ 12 ಮೀಟರ್ ಉದ್ದ, 12 ಮೀಟರ್ ಅಗಲ. ಮೇಲೆ ಒಂದೇ ದೊಡ್ಡ ಹೊದಿಕೆ. ನಡುವೆ ಒಂಬತ್ತು ಮೀಟರ್‌ನ ವೃತ್ತ. ಹುಡುಗರು ಚಪ್ಪಲಿ ಹೊರಗೆ ಬಿಟ್ಟು, ಮುಟ್ಟಿ ನಮಸ್ಕಾರ ಮಾಡಿದರು. ಜೋಡಿಸಲು ಶುರು ಮಾಡಿದ ಮೇಲೆ ಗೊತ್ತಾಯಿತು, ನಮ್ಮ ಸಭಾಂಗಣದ ಅಗಲ 34 ಅಡಿ ಮಾತ್ರ. 12 ಮೀಟರ್ ಅಂದರೆ 39 ಅಡಿ ದಾಟುತ್ತದೆ. ಏಳು ವರ್ಷ ಕಾದರೂ ಒಮ್ಮೆಯೂ ಟೇಪು ಹಿಡಿದು ಅಳೆದಿರಲಿಲ್ಲ. ಹತ್ತು ಮೀಟರಿಗೆ 50 ತುಂಡು ಹಾಕಿ, ಉಳಿದ 22 ಗೋಡೆಗೆ ಒರಗಿಸಿದೆವು. ಅದರಿಂದ ಒಂದು ಒಳ್ಳೆಯದಾಯಿತು, ಗೋಡೆಗೆ ಯಾರ ತಲೆಯೂ ಬಡಿಯಲಿಲ್ಲ. ಆದರೆ ಮಡಚಿದ ಹೊದಿಕೆಯ ಅಂಚಿಗೆ ಕಾಲು ಸಿಕ್ಕಿ ಒಬ್ಬನ ಮೊಣಕಾಲು ತಿರುಚಿತು. ದಯವಿಟ್ಟು ಮೊದಲು ಕೋಣೆ ಅಳೆಯಿರಿ. ನೆಲಮಹಡಿಯಲ್ಲಿ ಹಾಕುವುದಾದರೆ ಹೊಳೆ ಎಷ್ಟು ದೂರ ಎಂದೂ ನೋಡಿ. ಅದಕ್ಕೆ ಮತ್ತೆ ಬರುತ್ತೇನೆ.

ಮ್ಯಾಟ್ ಬಂದರೆ ತಂಡ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಆ ವರ್ಷ ನಮ್ಮಲ್ಲಿ 84 ಕೆ.ಜಿ. ವಿಭಾಗದ ಒಬ್ಬ ಅಪರೂಪದ ಹುಡುಗ ಇದ್ದ. ಅಷ್ಟು ಒಳ್ಳೆಯ ಕಾಲು ಹಿಡಿತ ನಾನು ಆಮೇಲೆ ಕಂಡಿಲ್ಲ. ಉಳಿದ ಐದು ಹುಡುಗರು 55ರಿಂದ 66 ಕೆ.ಜಿ. ಒಳಗೆ. ಅವನು ಯಾರನ್ನು ಹಿಡಿದರೂ ಅರೆ ನಿಮಿಷಕ್ಕೆ ಎತ್ತಿ ಹಾಕುತ್ತಿದ್ದ. ಚಿಕ್ಕ ಹುಡುಗರು ಅವನ ಜೊತೆ ಹಿಡಿಯಲು ಹೆದರಿದರು. ಅವನಿಗೆ ಬೆಳೆಯಲು ಜಾಗವೇ ಇರಲಿಲ್ಲ. ಫೆಬ್ರವರಿಯಲ್ಲಿ ಬಂದು "ಸರ್ರ, ನನಗಿಲ್ಲಿ ಜೋಡಿ ಇಲ್ರಿ. ಒಬ್ಬನ ಎಷ್ಟಂತ ಬಸ್ಕಿ ಹೊಡೀಲಿ?" ಎಂದ. ಕೊಲ್ಹಾಪುರಕ್ಕೆ ಹೋದ. ಪದವಿ ಮುಗಿಸಲಿಲ್ಲ.

ಅವನು ಹೋದ ಮೇಲೆ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಒಳ್ಳೆಯ ಪೈಲ್ವಾನನನ್ನು ಹುಡುಕುತ್ತಿದ್ದೆ. ಆಮೇಲೆ ಜೋಡಿ ಹುಡುಕಲು ಶುರು ಮಾಡಿದೆ. ಒಂದು ತೂಕಕ್ಕೆ ಒಬ್ಬ ಸಿಕ್ಕರೆ, ಅವನಿಗಿಂತ ಎರಡು ಮೂರು ಕೆ.ಜಿ. ಆಚೀಚೆ ಇರುವ ಇನ್ನೊಬ್ಬ ಸಿಗುವವರೆಗೆ ಸುಮ್ನೆ ಕೂರುತ್ತಿರಲಿಲ್ಲ. ಆ ಇನ್ನೊಬ್ಬ ಪದಕ ಗೆಲ್ಲಬೇಕು ಅಂತಿಲ್ಲ. ಬೆಳಿಗ್ಗೆ ಐದಕ್ಕೆ ತಪ್ಪದೆ ಬರಬೇಕು, ಬಿದ್ದರೆ ಮತ್ತೆ ಏಳಬೇಕು. ನಮ್ಮ ತಂಡದಿಂದ ಪದಕ ಗೆದ್ದವರ ಹೆಸರು ಕಾಲೇಜಿನ ಬೋರ್ಡಿನಲ್ಲಿದೆ. ಅವರ ಜೋಡಿಯಾಗಿ ಮೂರು ವರ್ಷ ಬಿದ್ದು ಎದ್ದವರ ಹೆಸರನ್ನೂ ಅದೇ ಬೋರ್ಡಿನಲ್ಲಿ ಬರೆಸಬೇಕು ಎಂದು 2009ರಲ್ಲಿ ಹಟ ಹಿಡಿದೆ. ಬರೆಸಿದೆ. ನನ್ನ ಸೇವೆಯಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಆ ಬೋರ್ಡು.

ಜೋಡಿ ಹುಡುಕಲು ಜಾತ್ರೆಗಳಿಗೆ ಹೋಗುತ್ತಿದ್ದೆ. ಸೋತ ಹುಡುಗರನ್ನು ಮಾತಾಡಿಸುತ್ತಿದ್ದೆ. ಗೆದ್ದವನ ಸುತ್ತ ಹತ್ತು ಜನ ಇರುತ್ತಾರೆ, ಸೋತವನು ಒಬ್ಬನೇ ಕೂತು ಮಣ್ಣು ಒರೆಸಿಕೊಳ್ಳುತ್ತಿರುತ್ತಾನೆ. "ತಮ್ಮಾ, ಎಷ್ಟನೇತ್ತೆ ಓದ್ತಿ? ನಮ್ಮ ಕಾಲೇಜಿಗೆ ಬರ್ತೀಯೇನು?" ಅಂತ ಕೇಳಿದರೆ ಮುಖ ಅರಳುತ್ತಿತ್ತು. ಆಮೇಲೆ ಮನೆಗೆ ಹೋಗಬೇಕು. ಅಪ್ಪ ಕೇಳುವುದು ಒಂದೇ ಮಾತು: "ಕುಸ್ತಿ ಹಿಡದ್ರ ನೌಕರಿ ಸಿಗತೈತೇನ್ರಿ?" ಸುಳ್ಳು ಹೇಳಬೇಡಿ. ಪೊಲೀಸ್, ರೈಲ್ವೆ, ಸೇನೆಯಲ್ಲಿ ಕ್ರೀಡಾಪಟುಗಳಿಗೆ ಅವಕಾಶ ಇದೆ, ಆದರೆ ಎಲ್ಲರಿಗೂ ಸಿಗುವುದಿಲ್ಲ. ನಾನು ಕೊಡುತ್ತಿದ್ದ ಮಾತು ಇಷ್ಟೇ: ಹಾಜರಾತಿ ಕಡಿಮೆಯಾಗಿ ಪರೀಕ್ಷೆ ತಪ್ಪದಂತೆ ನೋಡಿಕೊಳ್ಳುತ್ತೇನೆ, ಪದವಿ ಮುಗಿಸಿಯೇ ಕಳಿಸುತ್ತೇನೆ. ಅದಕ್ಕಾಗಿ ಪಂದ್ಯಕ್ಕೆ ಹೋಗುವ ಮುಂಚೆಯೇ ಪ್ರಾಂಶುಪಾಲರ ಆದೇಶ ಮಾಡಿಸಿ, ಪ್ರತಿ ಉಪನ್ಯಾಸಕರಿಗೂ ಒಂದು ಪ್ರತಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಬಂದ ಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಖುರಾಕಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಾದಾಮಿ, ತುಪ್ಪ ಇಲ್ಲದೆ ಪೈಲ್ವಾನ ಆಗುವುದಿಲ್ಲ ಅನ್ನುವ ಮಾತಿಗೆ ಬಡವರ ಮಕ್ಕಳು ಮೊದಲೇ ಹಿಂದೆ ಸರಿಯುತ್ತಾರೆ. ನಮ್ಮ ಮಕ್ಕಳು ಜೋಳದ ರೊಟ್ಟಿ, ನೆನೆಸಿದ ಶೇಂಗಾ, ಮೊಳಕೆ ಹೆಸರುಕಾಳು, ಮೊಟ್ಟೆ, ಹಾಲು ಉಂಡೇ ಕುಸ್ತಿ ಹಿಡಿದರು. ಪಕ್ಕದ ಹೊಲದ ರೈತರೊಬ್ಬರು ಹನ್ನೊಂದು ವರ್ಷ ದಿನಾ ಐದು ಲೀಟರ್ ಹಾಲನ್ನು ಅರ್ಧ ಬೆಲೆಗೆ ಕೊಟ್ಟರು. ಉಳಿದ ಅರ್ಧ ನಾನು ಮತ್ತು ಇಬ್ಬರು ಸಹೋದ್ಯೋಗಿಗಳು ಹಂಚಿಕೊಳ್ಳುತ್ತಿದ್ದೆವು.

ನಿಯಮಗಳು ಬದಲಾಗುತ್ತಲೇ ಇರುತ್ತವೆ. 2005ರಲ್ಲಿ ಎರಡೆರಡು ನಿಮಿಷದ ಮೂರು ಸುತ್ತು ಬಂತು, ಎರಡು ಸುತ್ತು ಗೆದ್ದವನು ಗೆದ್ದ. 2013ರಲ್ಲಿ ಅದು ಹೋಗಿ ಮೂರು ಮೂರು ನಿಮಿಷದ ಎರಡು ಸುತ್ತು, ಒಟ್ಟು ಪಾಯಿಂಟ್ ಲೆಕ್ಕ. 2014ರಲ್ಲಿ ತೂಕದ ವಿಭಾಗ ಬದಲಾಯಿತು, 55ರ ಹುಡುಗ 57ಕ್ಕೆ ಏರಬೇಕು, 66ರವನು 65ಕ್ಕೆ ಇಳಿಯಬೇಕು. 2018ರಲ್ಲಿ ಮತ್ತೆ ಬದಲಾಗಿ ಹತ್ತು ವಿಭಾಗ ಆದವು. ಪ್ರತಿ ಸಲವೂ ನನ್ನ ಜೋಡಿ ಪಟ್ಟಿ ಹೊಸದಾಗಿ ಬರೆಯಬೇಕಾಯಿತು. 2013ರ ಫೆಬ್ರವರಿಯಲ್ಲಿ ಒಲಿಂಪಿಕ್ಸ್‌ನಿಂದಲೇ ಕುಸ್ತಿ ತೆಗೆಯುತ್ತಾರೆ ಅನ್ನುವ ಸುದ್ದಿ ಬಂದ ದಿನ ಮಕ್ಕಳು ಮ್ಯಾಟ್ ಮೇಲೆ ಸುಮ್ಮನೆ ಕೂತಿದ್ದರು. ಸೆಪ್ಟೆಂಬರ್‌ನಲ್ಲಿ ಮತ್ತೆ ಸೇರಿಸಿದರು. ಆ ಏಳು ತಿಂಗಳು ಒಬ್ಬನೂ ಅಭ್ಯಾಸ ತಪ್ಪಿಸಲಿಲ್ಲ.

ಇನ್ನು ತೂಕ ಇಳಿಸುವ ವಿಷಯ. ಇದನ್ನು ಬರೆಯಲು ಕಷ್ಟವಾಗುತ್ತದೆ.

2011ರಲ್ಲಿ ನಮ್ಮ ಹುಡುಗನೊಬ್ಬ ಪಂದ್ಯಕ್ಕೆ ಐದು ದಿನ ಇರುವಾಗ 71 ಕೆ.ಜಿ. ಇದ್ದ. ಅವನದು 66ರ ವಿಭಾಗ. "ಇಳಸ್ತೀನ್ರಿ ಸರ್ರ" ಎಂದ. ನಾನು ಬೇಡ ಅನ್ನಲಿಲ್ಲ. ಪದಕದ ಆಸೆ ನನಗೂ ಇತ್ತು. ಉಣ್ಣೆಯ ಅಂಗಿ ಮೇಲೆ ಮಳೆ ಕೋಟು ಹಾಕಿ ಓಡಿದ. ಕೊನೆಯ ದಿನ ನೀರನ್ನೂ ಕುಡಿಯಲಿಲ್ಲ. ತೂಕದ ಸರದಿಯಲ್ಲಿ ನಿಂತಲ್ಲೇ ಬಿದ್ದ. ತುಟಿ ಬಿರಿದಿತ್ತು, ಕೈಕಾಲು ಸೆಟೆದಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಸಲೈನ್ ಹಾಕಿದರು. ಅವನ ಅವ್ವ ಬಂದು ಹಾಸಿಗೆ ಪಕ್ಕ ಕೂತರು. ನನಗೆ ಒಂದು ಮಾತೂ ಅನ್ನಲಿಲ್ಲ. "ಸರ್ರ, ನೀವು ಉಂಡೀರೇನ್ರಿ?" ಎಂದು ಕೇಳಿದರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಒಂದು ತಿಂಗಳ ಆಸುಪಾಸಿನಲ್ಲೇ ಸತ್ತರು. ಅಲ್ಲಿ ಅದಾದ ಮೇಲೆ ನಿಯಮವನ್ನೇ ಬದಲಿಸಿದರು. ನಾನು ಅದನ್ನು ಓದಿದ್ದೆ. ಓದಿಯೂ ಅವನನ್ನು ತಡೆಯಲಿಲ್ಲ. ಆಮೇಲೆ ನಮ್ಮಲ್ಲಿ ಒಂದು ಕಟ್ಟು ಮಾಡಿದೆ. ದಿನಾ ಬೆಳಿಗ್ಗೆ ತೂಕ ನೋಡಿ ಪುಸ್ತಕದಲ್ಲಿ ಬರೆಯಬೇಕು. ಪಂದ್ಯದ ತಿಂಗಳಲ್ಲಿ ಎರಡು ಕೆ.ಜಿ.ಗಿಂತ ಜಾಸ್ತಿ ಇದ್ದವರು ಮೇಲಿನ ವಿಭಾಗಕ್ಕೆ ಹೋಗಬೇಕು. ಪದಕ ಹೋದರೆ ಹೋಗಲಿ. 2018ರಿಂದ ಪಂದ್ಯದ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ, ಹಿಂದಿನ ದಿನ ಅಲ್ಲ. ಅಂದರೆ ಒಣಗಿಸಿಕೊಂಡ ದೇಹಕ್ಕೆ ಚೇತರಿಸಿಕೊಳ್ಳಲು ಸಮಯವೇ ಇಲ್ಲ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ಫೈನಲ್ ದಿನ 100 ಗ್ರಾಂ ಜಾಸ್ತಿ ಬಂದು ಹೊರಬಿದ್ದಾಗ ನಮ್ಮ ಹುಡುಗಿಯರು ಅತ್ತರು. ಆ ಸಂಜೆ ನಾನು ತೂಕದ ಪುಸ್ತಕ ಎಲ್ಲರಿಗೂ ಮತ್ತೊಮ್ಮೆ ತೋರಿಸಿದೆ.

ಒಂದು ಒಳ್ಳೆಯ ಎಲೆಕ್ಟ್ರಾನಿಕ್ ತೂಕದ ಮಷಿನ್ ಕೊಳ್ಳಿ. ಮ್ಯಾಟ್ ಇಲ್ಲದಿದ್ದರೂ ಅದು ಇರಲಿ.

ಹುಡುಗಿಯರು ಬಂದದ್ದು 2008ರಲ್ಲಿ. ಮಹಿಳಾ ಕುಸ್ತಿ ಒಲಿಂಪಿಕ್ಸ್‌ಗೆ ಬಂದು ನಾಲ್ಕು ವರ್ಷವಾಗಿತ್ತು. ಕೂಲಿ ಮಾಡುವವರ ಮಗಳೊಬ್ಬಳು, ಬಿ.ಎ. ಮೊದಲ ವರ್ಷ, ಬಾಗಿಲಲ್ಲಿ ನಿಂತು "ನಾನೂ ಹಿಡೀಬಹುದೇನ್ರಿ ಸರ್?" ಎಂದಳು. ಹಿಡಿಯಬಹುದು, ಆದರೆ ಯಾರ ಜೊತೆ? ಆರು ತಿಂಗಳು ಅವಳು ಒಬ್ಬಳೇ ದಂಡ, ಬಸ್ಕಿ, ಹಗ್ಗ ಹತ್ತುವುದು ಮಾಡಿದಳು. ನಾನು ಹತ್ತಿರದ ಮೂರು ಪಿಯು ಕಾಲೇಜು ಸುತ್ತಿದೆ. ಕೊನೆಗೆ ಅವಳ ಓಣಿಯಲ್ಲೇ ಇದ್ದ ಒಬ್ಬ ಕಬಡ್ಡಿ ಆಟಗಾರ್ತಿ ಒಪ್ಪಿದಳು. ಇಬ್ಬರಾದರು, ಮರುವರ್ಷ ಐವರಾದರು.

ಹುಡುಗಿಯರ ತಂಡ ಕಟ್ಟುವವರು ಇಷ್ಟು ನೆನಪಿಡಿ. ಪ್ರವಾಸಕ್ಕೆ ಮಹಿಳಾ ಸಿಬ್ಬಂದಿ ಜೊತೆಗಿರಲೇಬೇಕು, ಒಪ್ಪುವವರು ಯಾರು ಎಂದು ಜೂನ್‌ನಲ್ಲೇ ಕೇಳಿಟ್ಟುಕೊಳ್ಳಿ. ಮೊದಲ ದಿನವೇ ತಂದೆ ತಾಯಿಯನ್ನು ಕರೆಸಿ ಅಭ್ಯಾಸ ತೋರಿಸಿ. ಸಿಂಗ್ಲೆಟ್, ಅಂದರೆ ಮೈಗಂಟುವ ಕುಸ್ತಿ ಉಡುಪಿನ ಬಗ್ಗೆ ಅವರಿಗೆ ಮುಜುಗರ ಇರುತ್ತದೆ, ಒಳಗೆ ಟೀ ಶರ್ಟ್ ಹಾಕಿ ಅಭ್ಯಾಸ ಮಾಡಲಿ ಬಿಡಿ. ಬಾಗಿಲು ಯಾವಾಗಲೂ ತೆರೆದಿರಲಿ. 2023ರ ಜನವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ದೇಶದ ದೊಡ್ಡ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ವಿರುದ್ಧ ಧರಣಿ ಕೂತಾಗ ನಮ್ಮ ಮೂವರು ಹುಡುಗಿಯರ ಮನೆಯಿಂದ ಫೋನ್ ಬಂತು. ನಾನು ಸಮಜಾಯಿಷಿ ಕೊಡಲು ಹೋಗಲಿಲ್ಲ. "ನಿಮ್ಮ ಹೆದರಿಕೆ ಖರೆ ಐತ್ರಿ, ನೀವು ಯಾವಾಗ ಬೇಕಾದರೂ ಬಂದು ಕೂಡ್ರಿ" ಎಂದೆ. ಒಬ್ಬ ತಾಯಿ ಎರಡು ತಿಂಗಳು ದಿನಾ ಬೆಳಿಗ್ಗೆ ಬಂದು ಮೂಲೆಯಲ್ಲಿ ಕೂತರು. ಮೂವರೂ ಉಳಿದರು.

2010ರಲ್ಲಿ ನಾವು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದೆವು. ಅಖಿಲ ಭಾರತ ಪಂದ್ಯ ಹೆಚ್ಚಾಗಿ ಉತ್ತರದ ಕಡೆ, ಚಳಿಗಾಲದಲ್ಲಿ. ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದು ಎರಡು ರಾತ್ರಿ. ದಿನಾಂಕ ತಿಳಿಯುವುದೇ ತಡ, ಅಷ್ಟು ಹೊತ್ತಿಗೆ ಟಿಕೆಟ್ ವೇಟಿಂಗ್ ಲಿಸ್ಟ್. ಮೊದಲ ಸಲ ಹರಿಯಾಣಕ್ಕೆ ಹೋದಾಗ ಇಬ್ಬರು ಹುಡುಗರ ಹತ್ತಿರ ಸ್ವೆಟರ್ ಕೂಡ ಇರಲಿಲ್ಲ. ಚಳಿಗೆ ಮೈ ಬಿಸಿಯಾಗದೆ ಇಬ್ಬರೂ ಮೊದಲ ಸುತ್ತಿನಲ್ಲೇ ಸೋತರು. ಆಮೇಲೆ ಕಾಲೇಜಿನ ಹೆಸರಲ್ಲೇ ಎಂಟು ಸ್ವೆಟರ್ ಕೊಂಡು ಇಟ್ಟೆ. ಭತ್ಯೆ ಬರುವುದು ಲೆಕ್ಕ ಕೊಟ್ಟ ಮೇಲೆ. ಮುಂಗಡ ಹಣ ಕೈಯಲ್ಲಿ ಇಟ್ಟುಕೊಂಡೇ ಹೊರಡಿ, ಪ್ರತಿ ಬಸ್ ಚೀಟಿಯನ್ನೂ ಒಂದು ಲಕೋಟೆಯಲ್ಲಿ ಹಾಕಿಕೊಳ್ಳಿ.

ಈಗ ಆ 41 ತುಂಡುಗಳು.

2019ರ ಆಗಸ್ಟ್. ಘಟಪ್ರಭೆ ಉಕ್ಕಿದಳು. ರಾತ್ರಿ ಹತ್ತರ ಹೊತ್ತಿಗೆ ಕಾಲೇಜಿನ ಕಾಂಪೌಂಡಿಗೆ ನೀರು ಬಂತು ಅಂತ ಕಾವಲುಗಾರನ ಫೋನ್. ನಮ್ಮ ಓಣಿಯನ್ನೂ ಖಾಲಿ ಮಾಡಿಸುತ್ತಿದ್ದರು. ಹೋಗಲು ಆಗಲಿಲ್ಲ. ಮೂರು ದಿನ ಸಭಾಂಗಣದಲ್ಲಿ ಎದೆಮಟ್ಟ ನೀರು ನಿಂತಿತ್ತು. ನೀರು ಇಳಿದ ಮೇಲೆ ಬಾಗಿಲು ತಳ್ಳಿದರೆ ತೆರೆಯಲಿಲ್ಲ, ಒಳಗೆ ತುಂಡುಗಳು ತೇಲಿ ಬಂದು ಬಾಗಿಲಿಗೆ ಅಡ್ಡ ಬಿದ್ದಿದ್ದವು. ನಮ್ಮ ಮ್ಯಾಟ್ ಚೂರು ಫೋಮ್ ಅಂಟಿಸಿ ಮಾಡಿದ್ದು. ಸ್ಪಂಜಿನಂತೆ ನೀರು ಹೀರಿತ್ತು. ಒಂದೊಂದು ತುಂಡು ಎತ್ತಲು ನಾಲ್ಕು ಜನ ಬೇಕು. ಕೆಸರಿನ ವಾಸನೆ.

ಹಳೆಯ ವಿದ್ಯಾರ್ಥಿಗಳು ತಾವಾಗಿಯೇ ಬಂದರು. ಒಬ್ಬ ಪೊಲೀಸ್, ಪ್ರವಾಹದ ಡ್ಯೂಟಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದ. ಒಬ್ಬ ರಜೆಯಲ್ಲಿದ್ದ ಸೈನಿಕ. ತಮ್ಮ ಮನೆಗೇ ನೀರು ಹೊಕ್ಕಿದ್ದ ಇಬ್ಬರು ಹುಡುಗರೂ ಬಂದಿದ್ದರು. ಅವರನ್ನು ಬೈದು ವಾಪಸ್ ಕಳಿಸಿದೆ, ಸಂಜೆ ಮತ್ತೆ ಬಂದರು. ತುಂಡುಗಳನ್ನು ಮೇಲಿನ ಮಹಡಿಗೆ ಹೊತ್ತು ಬಿಸಿಲಿಗೆ ಹಾಕಿದೆವು. ಮೂರು ವಾರ ಒಣಗಿಸಿದೆವು. 31 ಉಳಿದವು. 41 ಕೊಳೆತು ಒಡೆದವು. ಅವನ್ನು ಊರ ಹೊರಗೆ ಸಾಗಿಸಿದ ದಿನ ನಾನು ಮನೆಗೆ ಬಂದು ಊಟ ಮಾಡಲಿಲ್ಲ.

ಆಗ ನಾನು ಮಾಡದ ಕೆಲಸ ಒಂದಿತ್ತು. ಹಾಳಾದ ಸಾಮಾನನ್ನು ರಿಜಿಸ್ಟರ್‌ನಿಂದ ತೆಗೆಸಬೇಕು. ಅದಕ್ಕೆ ಪಂಚನಾಮೆ, ದಿನಾಂಕ ಇರುವ ಫೋಟೋ, ಮೂವರ ಸಮಿತಿಯ ವರದಿ, ಪ್ರಾಂಶುಪಾಲರ ಆದೇಶ ಬೇಕು. ಊರೇ ಮುಳುಗಿದಾಗ ಫೋಮಿನ ಲೆಕ್ಕ ಯಾರು ಬರೆಯುತ್ತಾರೆ ಅಂದುಕೊಂಡೆ. ಮುಂದಿನ ಮಾರ್ಚ್‌ಗೆ ಕೊರೊನಾ ಬಂತು. ಮೈಗೆ ಮೈ ತಾಗುವ ಆಟ, ಎಲ್ಲಕ್ಕಿಂತ ತಡವಾಗಿ ಶುರುವಾಯಿತು. ಮರೆತೇಹೋಯಿತು. ಆರು ವರ್ಷದ ನಂತರ ಆ 41 ತುಂಡು ನನ್ನ ಪಿಂಚಣಿಗೆ ಅಡ್ಡ ಬಂದವು. ಆ ಪೊಲೀಸ್ ಹುಡುಗನ ಮೊಬೈಲಿನಲ್ಲಿ ಆವತ್ತಿನ ಹದಿನೇಳು ಫೋಟೋ ಇನ್ನೂ ಇದ್ದವು. ಅವನ್ನು ಮುದ್ರಿಸಿ, ಆಗ ಇದ್ದ ಇಬ್ಬರು ಸಹೋದ್ಯೋಗಿಗಳ ಹೇಳಿಕೆ ಬರೆಸಿ, ಹೊಸದಾಗಿ ಸಮಿತಿ ಮಾಡಿಸಿ ಆದೇಶ ಪಡೆದೆ. ಏನೇ ಹಾಳಾದರೂ ಅದೇ ವಾರ ಫೋಟೋ ತೆಗೆದು ಕಾಗದ ಮಾಡಿಸಿ.

ಹೊಸ ಮ್ಯಾಟ್ 2021ರ ಕೊನೆಗೆ ಬಂತು, ಹಳೆಯ ವಿದ್ಯಾರ್ಥಿಗಳ ಹಣದಿಂದ. 500 ರೂಪಾಯಿ ಕೊಟ್ಟವರೂ ಇದ್ದಾರೆ, 20,000 ಕೊಟ್ಟವರೂ ಇದ್ದಾರೆ. ಎಲ್ಲವೂ ಕಾಲೇಜಿನ ಖಾತೆಗೆ, ರಸೀದಿ ಸಮೇತ. ಒಬ್ಬರ ಹಣವನ್ನೂ ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. ಈ ಸಲ ಮೊದಲ ಮಹಡಿಯಲ್ಲಿ ಹಾಕಿದೆವು. ಅಳೆದು ಹಾಕಿದೆವು.

29 ವರ್ಷದಲ್ಲಿ ನಮ್ಮ ಕಾಲೇಜಿನಿಂದ ಒಬ್ಬ ಅಂತರರಾಷ್ಟ್ರೀಯ ಕುಸ್ತಿಪಟುವೂ ಬರಲಿಲ್ಲ. ನಮ್ಮದೇ ಬಾಗಲಕೋಟೆ ಕಡೆಯ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಗ್ರೀಕೋ ರೋಮನ್ (ಸೊಂಟದ ಕೆಳಗೆ ಹಿಡಿಯದ ಕುಸ್ತಿ) 55 ಕೆ.ಜಿ. ಕಂಚು ಗೆದ್ದಾಗ ನಾವೆಲ್ಲ ಸೇರಿ ಪೇಢೆ ಹಂಚಿದೆವು. ನಮ್ಮ ಮಕ್ಕಳು ವಿಶ್ವವಿದ್ಯಾಲಯ ಮಟ್ಟದಲ್ಲಿ ಗೆದ್ದರು, ಕೆಲವರು ರಾಜ್ಯ ಮಟ್ಟದಲ್ಲಿ ಗೆದ್ದರು. ಕುಸ್ತಿಗಾಗಿ ಓದು ಬಿಟ್ಟವನು 2005ರ ಆ ಹುಡುಗನೇ ಕೊನೆ. ಅದು ನನಗೆ ಸಾಕು.

ನನ್ನ ಹುದ್ದೆಗೆ ಇನ್ನೂ ಯಾರೂ ಬಂದಿಲ್ಲ. ಬೀಗದ ಕೈಯನ್ನು ಪ್ರಭಾರದಲ್ಲಿರುವ ಕನ್ನಡ ಉಪನ್ಯಾಸಕರಿಗೆ ಕೊಟ್ಟೆ. ಬೆಳಗಿನ ಅಭ್ಯಾಸವನ್ನು 2008ರಲ್ಲಿ ಬಾಗಿಲಲ್ಲಿ ನಿಂತಿದ್ದ ಆ ಹುಡುಗಿ ನೋಡಿಕೊಳ್ಳುತ್ತಿದ್ದಾಳೆ. ಈಗ ಅವಳು ಹತ್ತಿರದ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಶಾಲೆಗೆ ಹೋಗುವ ಮುಂಚೆ ಎರಡು ಗಂಟೆ ಇಲ್ಲಿ.

ಕೊನೆಯ ದಿನ ನಾನು ಗೋಡೆಯ ಹಲಗೆ ಮೇಲೆ ಜೋಡಿ ಪಟ್ಟಿ ಬರೆದೆ. ಒಂಬತ್ತು ಜೋಡಿ. ಕೆಳಗೆ ಒಂದೇ ಹೆಸರು ಉಳಿಯಿತು, ಬಿ.ಕಾಂ. ಮೊದಲ ವರ್ಷದ 62 ಕೆ.ಜಿ. ಹುಡುಗಿ. ಅವಳ ಹೆಸರಿನ ಎದುರು ಖಾಲಿ ಬಿಟ್ಟೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಅಭ್ಯಾಸ ನೋಡಿಕೊಳ್ಳುವ ಆ ಶಿಕ್ಷಕಿಯ ಫೋನ್ ಬಂತು. "ಸರ್ರ, ಅಕಿಗೆ ಜೋಡಿ ಸಿಕ್ಕಾಳ್ರಿ. ಜಮಖಂಡಿ ಕಡೀಕಿ, 64 ಕೆ.ಜಿ. ಸೋಮವಾರದಿಂದ ಬರ್ತಾಳಂತ. ಆದರ ಅಕಿ ಆಧಾರ್‌ದಾಗ ಹೆಸರು ಬ್ಯಾರೆ ಐತ್ರಿ."

ನಾಳೆ ಸೋಮವಾರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತರಲು ಹೇಳಿದ್ದೇನೆ.